ಹೇಳಿ ಬಿದ್ದ ಕುಸ್ತಿ

"ಮಣ್ಣ ಮುಟ್ಟಬ್ಯಾಡ," ಎಂದರು ಉಸ್ತಾದ ಉಸ್ಮಾನ ಮಿಯಾ.

ಅಖಾಡದ ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳಲು ಬಾಗಿದ ಬಕ್ಕಪ್ಪ ಹಾಗೇ ನಿಂತ. ಬೀದರಿನ ಈ ಗರಡಿಯಲ್ಲಿ, ಈ ತಾಲೀಮಿನಲ್ಲಿ, ಉಸ್ತಾದರು ಬೇಡವೆಂದ ಮೇಲೆ ಅಖಾಡಕ್ಕೆ ಇಳಿದವರಿಲ್ಲ. ಔರಾದ ಕಡೆಯ ಚಿಂತಾಕಿಯಲ್ಲಿ ಕುರಿ ಕಾಯುತ್ತಿದ್ದವನನ್ನು ಪೈಲ್ವಾನ ಮಾಡಿದ್ದು ಅವರೇ. ಮುಂಬಯಿಗೆ ಹೋಗಿ ಎಂಟು ವರ್ಷ ಮೂಕಿ ಸಿನೆಮಾಗಳಲ್ಲಿ ಕುಸ್ತಿ, ಲಾಠಿ, ಕತ್ತಿ ಅಂತ ಹೊಡೆದಾಡಿದವನು ಈಗ ಸ್ವತಃ ಒಂದು ಚಿತ್ರ ನಿರ್ದೇಶಿಸಿ, ಅದರಲ್ಲಿ ನಾಯಕನ ಕೈಲಿ ಸೋಲುವ ಖಳನ ಪಾತ್ರವನ್ನೂ ಮಾಡಿದ್ದ. ನಿನ್ನೆ ಸಂಜೆ ಊರಿನ ಡೇರೆಯಲ್ಲಿ ಅದನ್ನು ತೋರಿಸಿದಾಗ ಜನ ಸೀಟಿ ಹೊಡೆದು ಕುಣಿದರು. ಅವನ ಕಣ್ಣೆಲ್ಲ ಮುಂದಿನ ಚಾಪೆಯ ಮೇಲಿದ್ದ ಉಸ್ತಾದರ ಮೇಲೆ. ಅವರೊಮ್ಮೆ ಶಾಬಾಷ್ ಎಂದಿದ್ದರೆ ಸಾಕಿತ್ತು. ಅವರು ಅರ್ಧಕ್ಕೇ ಎದ್ದು ಹೋಗಿದ್ದರು.

"ಭಾಲ್ಕಿ ಕುಸ್ತ್ಯಾಗ ನಿನ್ನ ಬೆನ್ನು ಯಾರೂ ನೆಲಕ್ಕ ಹಚ್ಚಲಿಲ್ಲ. ನಿನ್ನಿ ಆ ನರಪೇತಲ ಮೂರು ಸಲ ಚಿತ್ ಮಾಡ್ದ!"

ಬಕ್ಕಪ್ಪನಿಗೆ ಹೋದ ಜೀವ ಬಂದಂತಾಯಿತು. ಇಷ್ಟೇನಾ! "ಅದು ಖರೇ ಅಲ್ರಿ ಉಸ್ತಾದ. ಹಿಂಗ ಎತ್ತು, ಹಿಂಗ ಒಗಿ ಅಂತ ನಾನೇ ಅವಗ ಹೇಳಿದ್ದೆರಿ."

ಮುದುಕರ ಮುಖ ಕಪ್ಪಿಟ್ಟಿತು. "ಹೇಳಿ ಬಿದ್ದಿ?"

ಮೊದಲೇ ಮಾತಾಡಿಕೊಂಡು ಕುಸ್ತಿ ಆಡಿದವನಿಗೆ ನಿಜಾಮರ ಸೀಮೆಯ ಯಾವ ತಾಲೀಮಿನಲ್ಲೂ ಜಾಗವಿಲ್ಲ. ಮುಂಬಯಿಯಲ್ಲಿ ಅದನ್ನೇ ಮರೆತಿದ್ದ ಪುಣ್ಯಾತ್ಮ.

"ಸೋತಿದ್ರ ಮಾಫ್ ಇತ್ತು," ಎನ್ನುತ್ತ ಉಸ್ತಾದರು ಅಂಗಿ ಕಳಚಿ, ಎಪ್ಪತ್ತರ ವಯಸ್ಸಿನಲ್ಲಿ ತಾವೇ ಅಖಾಡಕ್ಕಿಳಿದರು. "ಬಾ. ಒಂದ್ಸಲ ಖರೇ ಆಡು. ನನ್ನ ಕೆಡವಿದ್ರ ನೀ ಈ ತಾಲೀಮಿನಂವ."

"ಬ್ಯಾಡ್ರಿ ಉಸ್ತಾದ."

"ಬಾ ಅಂದೆ."

ತೋಳು ಹಿಡಿದ ಕೂಡಲೇ ಬಕ್ಕಪ್ಪನಿಗೆ ಸಂಕಟವಾಯಿತು; ಚರ್ಮದೊಳಗೆ ಬರೀ ಎಲುಬು. ಆದರೂ ಕೆಡವಲೇಬೇಕು, ಇಲ್ಲದಿದ್ದರೆ ತನ್ನವರೆನ್ನಲು ಇನ್ನಾರೂ ಇಲ್ಲ. ಹಲ್ಲು ಕಚ್ಚಿ ಅವರ ಸೊಂಟಕ್ಕೆ ಕೈ ಹಾಕಿದ. ಉಸ್ತಾದರು ಮೊಣಕಾಲು ಒಡ್ಡಿ ಒಮ್ಮೆ ನೂಕಿದರು. ಅದರಲ್ಲಿ ಬಲವೇನೂ ಇರಲಿಲ್ಲ. ಆದರೆ ಬಕ್ಕಪ್ಪನ ಹೆಗಲು ತಾನಾಗಿ ಹೊರಳಿತು, ಗದ್ದ ಎದೆಗೊತ್ತಿತು, ಅಂಗೈ ಮೊದಲು ನೆಲ ಮುಟ್ಟಿತು, ಬೆನ್ನು ನೋವಾಗದ ಹಾಗೆ ಮಲಗಿತು. ಎಂಟು ವರ್ಷ ಕ್ಯಾಮೆರಾದ ಮುಂದೆ ಬಿದ್ದ ಹಾಗೇ, ಬಹಳ ಚೆಂದಾಗಿ ಬಿದ್ದಿದ್ದ.

"ಬೇಕಂತ ಬೀಳಲಿಲ್ರಿ. ನಿಮ್ಮಾಣಿ."

"ಗೊತ್ತದ," ಎಂದರು ಉಸ್ಮಾನ ಮಿಯಾ. ದನಿಯಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ. ಸಿಟ್ಟಾದರೂ ಇರಬಾರದಿತ್ತೇ ಎಂದು ಬಕ್ಕಪ್ಪನಿಗೆ ಅಳು ಒತ್ತಿ ಬಂತು.

ಅವರು ಅವನ ಕೈ ಹಿಡಿದು ಎಬ್ಬಿಸಿ, ಹೊರಗೆ ಕರೆದೊಯ್ದು, ಕುಸ್ತಿ ನೋಡಲು ಬಂದ ಅತಿಥಿಗಳು ಕೂಡುವ ಕುರ್ಚಿಯ ಮೇಲೆ ಕೂಡಿಸಿದರು. ಆಮೇಲೆ ಮನೆಯ ಕಡೆ ತಿರುಗಿ ಕೂಗಿದರು:

"ಬಂಬೈಯಿಂದ ಮೆಹಮಾನ ಬಂದಾರ. ಚಹಾ ಕಳಸ್ರಿ."