ಬೆವರುವ ಗೋಡೆ

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ತೀರಿಕೊಂಡು ಎರಡು ತಿಂಗಳಾಗಿತ್ತು. ಬಿಸಿಲು ಬಲಿಯುತ್ತಿದ್ದಂತೆ, ಅವರು ಬಿದ್ದ ಮೂಲೆಯಲ್ಲೇ ಟೈಲ್ಸ್ ಸಂದಿಗಳಿಂದ ಬಿಳಿ ಪುಡಿ ಏಳತೊಡಗಿತು. ಸೊಸೆ ವಿನೆಗರ್ ಸುರಿದು, ಹಳೇ ಬ್ರಶ್ಶಿನಿಂದ ತಿಕ್ಕಿದರೆ ಹೋಗುತ್ತಿತ್ತು. ನಾಲ್ಕು ದಿನ ಕಳೆದರೆ ಮತ್ತೆ ಹಾಜರ್. ಉಳಿದ ಮೂರು ಮೂಲೆಗಳಲ್ಲಿ ಒಂದು ಚೂರೂ ಇಲ್ಲ.

ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು, ದೆವ್ವ ಭೂತ ಅಂದರೆ ನಗುವವಳು. ಆದರೂ ಈಗೀಗ ಬಚ್ಚಲ ಬಾಗಿಲು ಪೂರ್ತಿ ಹಾಕಿಕೊಳ್ಳುತ್ತಿರಲಿಲ್ಲ. ಮುಖಕ್ಕೆ ಸೋಪು ಹಚ್ಚುವಾಗಲೂ ಒಂದು ಕಣ್ಣು ತೆರೆದೇ ಇರುತ್ತಿತ್ತು. ತಿಕ್ಕಲು ಕೂತರೆ, ಬೆನ್ನ ಹಿಂದೆ ಯಾರೋ ಕೂತು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು.

ಸಾಯುವ ಮುಂಚೆ ಅತ್ತೆ ಹೊಲಿಗೆ ಮಿಷನ್ ಪಕ್ಕ ಬಂದು ನಿಂತು, ಬಚ್ಚಲ ಗೋಡೆ ಬೆವರುತ್ತಿದೆ, ನೆಲ ಆರುವುದೇ ಇಲ್ಲ, ಯಾರನ್ನಾದರೂ ಕರೆಸು ಅಂದಿದ್ದರು. ಒಂದಲ್ಲ, ಮೂರು ಸಲ. ಮೂರನೇ ಸಲ ಸೊಸೆ ಪೆಡಲ್ಲಿನಿಂದ ಕಾಲನ್ನೂ ತೆಗೆಯದೆ, ಬಚ್ಚಲು ಅಂದಮೇಲೆ ಒದ್ದೆ ಇರದೆ ಇನ್ನೇನು ಎಂದುಬಿಟ್ಟಿದ್ದಳು. ಅತ್ತೆ ಮತ್ತೆ ಆ ಮಾತೆತ್ತಲಿಲ್ಲ. ಒಂದು ಹಳೇ ಟವೆಲ್ ತಂದು ಆ ಮೂಲೆಗೆ ಹಾಸಿಕೊಂಡರು. ಜಾರಿದ್ದು ಆ ಟವೆಲ್ ಮೇಲೆಯೇ.

ಕೊನೆಗೆ ಟೈಲ್ಸ್ ಕೆಲಸದವನನ್ನು ಅವಳೇ ಕರೆಸಿದಳು. ಆತ ಮಂಡಿಯೂರಿ ಸ್ಕ್ರೂಡ್ರೈವರ್ ಹಿಡಿಯಿಂದ ಒಂದೊಂದೇ ಟೈಲ್ಸ್ ತಟ್ಟಿದ. ಆ ಮೂಲೆಯವು ಟೊಳ್ಳು ಸದ್ದು ಮಾಡಿದವು. ಮನೆಯ ನಲ್ಲಿಗಳನ್ನೆಲ್ಲ ನಿಲ್ಲಿಸಿ ನೋಡಿದರೆ ನೀರಿನ ಮೀಟರಿನ ಮುಳ್ಳು ಇನ್ನೂ ತೆವಳುತ್ತಿತ್ತು. ಒಳಗೆ ಪೈಪು ಸೋರುತ್ತಿದೆ, ನೀರು ಸಿಮೆಂಟಿನ ಉಪ್ಪನ್ನು ಹೊತ್ತು ತರುತ್ತದೆ, ನೀರು ಆರಿಹೋಗಿ ಉಪ್ಪು ಉಳಿಯುತ್ತದೆ, ಮೇಲೆ ಎಷ್ಟು ತಿಕ್ಕಿದರೂ ದಂಡ ಎಂದು ವಿವರಿಸಿದ. ಉಳಿ ಇಟ್ಟು ಎರಡು ಟೈಲ್ಸ್ ಬಿಡಿಸಿದ. ಹಿಂದಿನ ಗಾರೆ ಹಿಟ್ಟಿನಂತೆ ಉದುರಿತು.

"ಎಷ್ಟು ದಿನದಿಂದ ಸೋರ್ತಿರಬಹುದು?" ಅವಳು ಕೇಳಿದಳು.

"ದಿನದ ಲೆಕ್ಕ ಅಲ್ಲಮ್ಮ, ವರ್ಷ ಆಗಿದೆ. ಮನೇಲಿ ಯಾರ ಕಣ್ಣಿಗೂ ಬೀಳಲಿಲ್ವಾ?"

ಅವಳು ಪೊರಕೆ ತಂದು ಉದುರಿದ ಗಾರೆಯನ್ನು ಗುಡಿಸತೊಡಗಿದಳು.

ಸಂಜೆ ಗಂಡ ಬಂದಾಗ ಅವಳು ಬಚ್ಚಲ ಹೊಸ್ತಿಲ ಮೇಲೆ ಕೂತಿದ್ದಳು. ಗೋಡೆಯ ಕಡೆ ನೋಡುತ್ತಲೇ ಹೇಳಿದಳು. "ಅತ್ತೆ ನಂಗೆ ಮೂರು ಸಲ ಹೇಳಿದ್ರು. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ."

ಗಂಡ ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ ಅವಳ ಪಕ್ಕ ಕೂತ.

"ಅಮ್ಮ ಮೊದಲು ಹೇಳಿದ್ದು ನಂಗೆ," ಅಂದ. "ನಂಗೆ ಪುರುಸೊತ್ತಿಲ್ಲ, ಅವಳಿಗೆ ಹೇಳು ಅಂದಿದ್ದೆ."

ಹೊಸ ಪೈಪು ಬಂತು, ಹೊಸ ಟೈಲ್ಸ್ ಕೂತವು, ಮೂಲೆ ಒಣಗಿತು. ಆದರೆ ಈಗ ಒಬ್ಬರು ಸ್ನಾನಕ್ಕೆ ಹೋದರೆ ಇನ್ನೊಬ್ಬರು ಹೊರಗೆ ಕಾಯುತ್ತಾರೆ. ಒಳಗೆ ನೀರಿನ ಸದ್ದು ನಿಂತರೆ ಗಂಡ "ಇದ್ದೀಯಾ?" ಎನ್ನುತ್ತಾನೆ. ಅವಳು ಓಗೊಡುವ ತನಕ ಅಲ್ಲಿಂದ ಕದಲುವುದಿಲ್ಲ.