ಅಟ್ಟದ ಮೇಲಿನ ಹಾಡು

ಕರಾರು ಹಾಕಿದ್ದು ಅಪ್ಪನೇ. "ನಿನ್ ಹಾಡ್ನ ಒಂದ್ ಸಲ ಕೇಳ್ತೀನಿ ಕಣ್ಲಾ ತೋಂಟ. ಹಿಡಿಸ್ತೋ, ಬೊಂಬಾಯಿಗೆ ಹೋಗು, ಅಡ್ಡ ಬರಲ್ಲ. ಹಿಡಿಸ್ಲಿಲ್ವೋ, ಗಿಟಾರ್ ಮಾರ್‌ಬುಟ್ಟು ಸೋಮವಾರದಿಂದ ಕೊಬ್ರಿ ಮಂಡಿಗ್ ಬಾ."

ತೋಂಟದಾರ್ಯ ಒಪ್ಪಿದ. ಬೆಂಗಳೂರಿನ ರಾಕ್ ಬ್ಯಾಂಡು ಒಡೆದು ನಾಲ್ವರೂ ನಾಲ್ಕು ದಿಕ್ಕಾದ ಮೇಲೆ, ಎಪ್ಪತ್ತೇಳರಲ್ಲಿ ತಿಪಟೂರಿಗೆ ವಾಪಸು ಬಂದು ಒಬ್ಬನೇ ಕೂತು ಕಟ್ಟಿದ ಆಲ್ಬಮ್ ಅದು. ನಲವತ್ತು ನಿಮಿಷದ ಒಂದೇ ಹಾಡು. ಏಳು ಪೆಟ್ಟಿನಲ್ಲಿ ಹೊರಟ ತಾಳ ನಡುವೆ ಹನ್ನೊಂದು ಪೆಟ್ಟಿಗೆ ಹೊರಳುತ್ತಿತ್ತು. ಗಿಟಾರು, ಹಾರ್ಮೋನಿಯಂ ಎಲ್ಲಾ ಅವನದೇ ಕೈ. ಡ್ರಮ್ಮಿನ ಬದಲು ಅಟ್ಟದ ಮೇಲಿನ ತೆಂಗಿನಕಾಯಿ. ಅಟ್ಟಕ್ಕೆ ಹಾಕಿದ ಹೊಸತರಲ್ಲಿ ಕಾಯಿಯೊಳಗೆ ನೀರು ತುಳುಕುತ್ತದೆ. ತಿಂಗಳು ಕಳೆದಂತೆ ನೀರಿಂಗಿ, ಕೊನೆಗೆ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅನ್ನುತ್ತದೆ. ಆ ಹನ್ನೊಂದು ತಿಂಗಳ ಸದ್ದನ್ನೂ ಸ್ಪೂಲ್ ಟೇಪಿಗೆ ಹಿಡಿದಿದ್ದ. ಒಂದು ಕಾಯಿಗಂತೂ ಸುಣ್ಣದ ಬೊಟ್ಟಿಟ್ಟು ಜೋಪಾನ ಮಾಡಿದ್ದ. ಅಷ್ಟು ಗಂಭೀರವಾದ ದನಿ ಬೇರೆ ಯಾವುದಕ್ಕೂ ಇರಲಿಲ್ಲ. ಕೊನೆಯ ಹತ್ತು ನಿಮಿಷ ಅದರ ಮೇಲೇ ನಿಂತಿತ್ತು. ಬೊಂಬಾಯಿಯ ರೆಕಾರ್ಡು ಕಂಪನಿಯೊಂದು ಟೇಪು ತಗೊಂಡು ಬಾ ಎಂದು ಬರೆದಿತ್ತು. ಇದ್ದದ್ದು ಆ ಒಂದೇ ಟೇಪು.

ಅಪ್ಪ ಬಸವರಾಜಪ್ಪ ಮೂವತ್ತು ವರ್ಷ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಕೊಬ್ಬರಿ ವ್ಯಾಪಾರ ಮಾಡಿದವನು. ಕಾಯಿ ಸುಲಿಯುವ ಆಳುಗಳನ್ನೂ ಅಂಗಳದಲ್ಲಿ ಕೂರಿಸಿದ. ಕಣ್ಣು ಮುಚ್ಚಿ ಕೇಳಿದ. ಎಲೆಅಡಿಕೆ ಕೂಡ ಹಾಕಲಿಲ್ಲ. ಕೊನೆಕೊನೆಗೆ ಅವನ ತಲೆ ಮೆಲ್ಲಗೆ ಆಡಿತು. ತಾಳ ಹಾಕ್ತಿದಾನೆ! ತೋಂಟದಾರ್ಯ ಸದ್ದು ಒಂದಿಷ್ಟು ಏರಿಸಿದ.

"ಕೊನೇದು ಇನ್ನೊಂದ್ ಸಲ ಹಾಕು."

ಹಾಕಿದ.

"ಅದು ಕೊಳೆತೋಗಿರೋ ಕಾಯಿ ಕಣ್ಲಾ."

"ಯಾವ್ದಪ್ಪಾ?"

"ಗುಮ್ ಗುಮ್ ಅಂತೈತಲ್ಲ, ಅದು. ತತ್ತಾ. ಎಲ್ರ ಮುಂದೆ ಒಡಿ."

ಸುಣ್ಣದ ಬೊಟ್ಟಿನ ಕಾಯಿ ತಂದು, ಸುಲಿದು, ಮಚ್ಚಿನ ಹಿಂಬದಿಯಿಂದ ಒಡೆದ. ಬೂದುಬಣ್ಣದ ಲೋಳೆ ಮೊಣಕೈವರೆಗೂ ಇಳಿಯಿತು. ಆಳು ಸಿದ್ದಮ್ಮ ಸೆರಗಲ್ಲಿ ಮೂಗು ಮುಚ್ಚಿಕೊಂಡಳು.

"ಹನ್ನೊಂದ್ ತಿಂಗ್ಳು ಹೆಣದ್ ಜೊತೆ ಸಂಸಾರ ಮಾಡವ್ನೆ ನನ್ ಮಗ," ಎಂದ ಅಪ್ಪ. ಅಂಗಳವೆಲ್ಲ ನಕ್ಕಿತು.

ತೋಂಟದಾರ್ಯ ಕೈ ತೊಳೆಯದೆ ನಿಂತಿದ್ದ. "ಮಿಕ್ಕಿದ್ದು ಹೆಂಗಿತ್ತಪ್ಪಾ?"

ಅಪ್ಪ ಚಪ್ಪಲಿ ಮೆಟ್ಟಿದ. "ಕಾಯಿ ಬಿಟ್ರೆ ಇನ್ನೇನಿತ್ಲಾ ಅದ್ರಲ್ಲಿ?"

ಗಿಟಾರು ಶನಿವಾರವೇ ಹೋಯಿತು. ಸೋಮವಾರ ಮಂಡಿಯ ಅಂಗಳದಲ್ಲಿ ಒಣಹಾಕಿದ ಕೊಬ್ಬರಿಗೆ ಕಾಗೆ ಮುತ್ತಿದವು. "ಆ ಟೇಪ್ ತಂದು ಕಟ್ಲಾ, ಬಿಸ್ಲಿಗೆ ಹೊಳೀತೈತೆ," ಎಂದ ಅಪ್ಪ.

ತೋಂಟದಾರ್ಯ ಸ್ಪೂಲು ಬಿಚ್ಚಿ ಕಂಬದಿಂದ ಕಂಬಕ್ಕೆ ನಾಲ್ಕು ಸಾಲು ಎಳೆದ. ಮೂರನೆಯದು ಸಡಿಲ ಅನ್ನಿಸಿ, ಬೆರಳಲ್ಲಿ ಮೀಟಿ ನೋಡಿ ಬಿಗಿದ. ಗಾಳಿ ಬಂತು. ಟೇಪು ಝುಂಯ್ ಎಂದಿತು. ಕಾಗೆಗಳು ಎದ್ದು ಹೋದವು.

"ಚಿಕ್ ಯಜ್ಮಾನ್ರೆ, ನೀವ್ ಬಾರ್ಸಿದ್ದು ಇದೇನಾ?" ಎಂದಳು ಸಿದ್ದಮ್ಮ.

ಉತ್ತರ ಕೊಟ್ಟಿದ್ದು ನೆರಳಲ್ಲಿ ಕೂತಿದ್ದ ಅಪ್ಪ. "ಈಗ ಹಿಡಿಸ್ತು ಕಣ್ಲಾ ತೋಂಟ. ಬೊಂಬಾಯಿಗೆ ಯಾವಾಗ ಹೊರಡ್ತೀಯ?"

ಎಲ್ಲರಿಗಿಂತ ಮೊದಲು ನಕ್ಕವನು ತೋಂಟದಾರ್ಯನೇ.