ದಾರಿಗೆ ಬಿಟ್ಟ ಜಾಗ

ದರ್ಜಿಗೆ ಸ್ವಂತ ಅಂಗಳವಿರಲಿಲ್ಲ. ಮಹಡಿಯ ಬಾಡಿಗೆ ಕೋಣೆಯಿಂದ ಅವನ ಹೆಣವನ್ನು ಮಂಚದ ಸಮೇತ ಇಳಿಸುತ್ತಿದ್ದವರು ಮೆಟ್ಟಿಲ ತಿರುವಿನಲ್ಲಿ ನಿಂತುಬಿಟ್ಟಿದ್ದರು. ಕೆಳಗೆ ಮನೆ ಮಾಲೀಕ ಅಡ್ಡ ನಿಂತಿದ್ದ.

“ಇಲ್ಲಿ ಇಳಿಸಬೇಡಿ. ಕೋಣೆ ನೋಡೋಕೆ ಜನ ಬರ್ತಾರೆ.”

“ಆಗಲೇ ಹೇಳಿ ಕಳಿಸಿದ್ರಾ? ಭಲೇ ಚುರುಕು ನೀವು,” ಎಂದಳು ನರ್ಸಕ್ಕ. ತಲೆಯ ಕಡೆ ಮಂಚ ಹಿಡಿದಿದ್ದವಳು ಅವಳೇ. “ನಡೀರಿ, ಸೈಟಿಗೆ ಹೋಗೋಣ.”

ಕಾಲ ಕಡೆಯಿದ್ದ ಡ್ರೈವರ್ ಬೆವರುತ್ತಿದ್ದ. “ಅಕ್ಕ, ಇವತ್ತೇ ಯೋಜನಾ ಕಚೇರಿಯವರು ಅಳತೆಗೆ ಬರೋದು. ಅನುಮತಿಗೆ ಮೊದಲು ಜಾಗ ಬಳಸಬಾರದು ಅಂತ ಬರೆದಿದ್ದಾರೆ. ಅವರ ಕಣ್ಣಿಗೆ ಬಿದ್ರೆ ಅರ್ಜಿ ಗೋವಿಂದ.”

“ಹಾಗಂತ ಇವನನ್ನ ಮೆಟ್ಟಿಲ ಮೇಲೆ ಇಟ್ಕೊಂಡು ಕೂತ್ಕೋತೀಯಾ? ಎತ್ತು.”

ಸೈಟು ಎಂದರೆ ದರ್ಜಿಯೂ ಸೇರಿ ಎಂಟು ಮನೆಯವರು ಕೂಡಿ ಕೊಂಡ ಜಾಗ. ಮಲಗಲು ಎಂಟು ಪುಟ್ಟ ಮನೆ, ಉಣ್ಣಲು ಒಂದೇ ಅಡುಗೆಮನೆ, ಕೂರಲು ಒಂದೇ ಅಂಗಳ. ನಕ್ಷೆ ಎರಡು ಸಲ ತಿರಸ್ಕೃತವಾಗಿತ್ತು. ಮೂರನೆಯ ಸಲವೂ ಆದರೆ ಮತ್ತೆ ಅರ್ಜಿ ಹಾಕುವಂತಿರಲಿಲ್ಲ.

* * *

ಎರಡನೆಯ ಸಲ ನಕ್ಷೆ ವಾಪಸು ಬಂದಾಗ ಎಲ್ಲರೂ ದರ್ಜಿಯ ಅಂಗಡಿಯಲ್ಲಿ ಸೇರಿದ್ದರು. ಒಳದಾರಿಯಲ್ಲಿ ಬೆಂಕಿ ಆರಿಸುವ ಗಾಡಿ ತಿರುಗುವುದಿಲ್ಲ, ಅಗಲ ಮಾಡಿ ಎಂದಿತ್ತು ಕಚೇರಿ. ಯಾರ ಮನೆಯಿಂದ ಜಾಗ ತೆಗೆಯುವುದು?

“ನನ್ನ ಹಾಲ್ ಮುಟ್ಟಬೇಡಿ,” ಎಂದಿದ್ದಳು ನರ್ಸಕ್ಕ. “ಇಡೀ ಆಯಸ್ಸು ಮಂಚದ ಸಂದಿಯಲ್ಲಿ ಓಡಾಡಿದ್ದೀನಿ.”

“ನಾನು ಇಡೀ ಆಯಸ್ಸು ಸೀಟಲ್ಲೇ ಕೂತವನು. ಕಾಲು ಚಾಚೋಕೆ ವರಾಂಡ ಬೇಕೇಬೇಕು,” ಎಂದಿದ್ದ ಡ್ರೈವರ್.

“ಅಡುಗೆಮನೆ ಕಿರಿದು ಮಾಡಿದ್ರೆ?” ಎಂದಿದ್ದರು ಯಾರೋ.

“ಒಬ್ಬರ ತೊಡೆ ಮೇಲೊಬ್ಬರು ಕೂತು ಉಣ್ಣೋದಾ?”

ದರ್ಜಿ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ್ದ. “ನಕ್ಷೆ ನನ್ನ ಹತ್ರ ಬಿಟ್ಟು ಹೋಗಿ. ಡ್ರೈವರಣ್ಣನ ಹೊಟ್ಟೆಗೆ ವರ್ಷವರ್ಷ ಬಟ್ಟೆ ಹೊಂದಿಸಿಲ್ವಾ? ಇದೇನು ಮಹಾ.”

ಮುಂದಿನ ವಾರ ಹೊಸ ನಕ್ಷೆ ಬಂತು. ದಾರಿ ಅಗಲವಾಗಿತ್ತು.

“ಜಾಗ ಎಲ್ಲಿಂದ ತಂದ್ಯೋ?”

“ಅಂಚಲ್ಲಿ ಮಡಚಿದ್ದು ಸ್ವಲ್ಪ ಇತ್ತು. ಬಿಚ್ಚಿದೆ.”

ಎಲ್ಲರೂ ನಕ್ಕು ಸಹಿ ಹಾಕಿದ್ದರು.

* * *

ಅಳತೆಗೆ ಮೊದಲು ಮನೆಗಳನ್ನು ನೆಲದ ಮೇಲೆ ಗುರುತಿಸಿರಬೇಕು ಎಂಬ ನಿಯಮವಿತ್ತು. ಸುಣ್ಣದ ಪುಡಿಯಲ್ಲಿ ಗೆರೆಗಳನ್ನು ಎಳೆದವನು ದರ್ಜಿಯೇ. ಬಾಗಿಲು ಬರುವಲ್ಲಿ ಗೆರೆ ಬಿಟ್ಟಿದ್ದ. ಕೊನೆಯದು ಅವನ ಮನೆ. ಒಂದು ಉದ್ದನೆಯ ಗಾಡಿಯಲ್ಲಿ ಅಲ್ಲಿಗೆ ಮಂಚ ತಂದರು. ಬಾಗಿಲಲ್ಲಿ ಅದು ತೂರಲಿಲ್ಲ. ಗೆರೆಯ ಮೇಲಿಂದ ಎತ್ತಿ ಇಳಿಸಿದರು. ಮಂಚದ ತಲೆಯ ಕಡೆ ಒಂದು ಗೆರೆಗೆ ಮುಟ್ಟಿತು, ಕಾಲ ಕಡೆ ಎದುರಿನ ಗೆರೆಗೆ. ಪಕ್ಕದಲ್ಲಿ ಒಂದು ಹೊಲಿಗೆ ಯಂತ್ರಕ್ಕಾಗುವಷ್ಟು ಜಾಗ ಉಳಿಯಿತು.

ಬೇರೆ ಊರಿಂದ ಬಂದ ಅವನ ತಂಗಿ ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಸುತ್ತ ನೋಡಿದಳು.

“ಇದು ಬಚ್ಚಲಾ?”

“ಮನೆ ಕಣಮ್ಮ,” ಎಂದ ಡ್ರೈವರ್.

“ಇಷ್ಟೇನಾ? ಹಾಲಲ್ಲಿ ಕಿಟಕಿ ಪಕ್ಕ ಮೆಷಿನ್ ಹಾಕ್ತೀನಿ, ನೀನು ಬಂದ್ರೆ ಅಲ್ಲೇ ಮಲಗು ಅಂದಿದ್ದ ಅಣ್ಣ. ಹಾಲ್ ಎಲ್ಲಿ?”

ಡ್ರೈವರ್ ಪಕ್ಕದ ಮನೆಯ ಗೋಡೆಗೆರೆಯ ನೇರಕ್ಕೆ ಕಣ್ಣು ಹಾಯಿಸಿದ. ಗೆರೆಯನ್ನು ಹಾಗೇ ಮುಂದುವರಿಸಿದರೆ ಅದು ದಾರಿಯ ನಡುವೆ, ಜನ ಗುಂಪಾಗಿ ನಿಂತಿದ್ದಲ್ಲಿ ಹಾದುಹೋಗಬೇಕಿತ್ತು. ಅವರೆಲ್ಲ ದರ್ಜಿಯ ಹಾಲ್‌ನಲ್ಲಿ ನಿಂತಿದ್ದರು.

“ಮಡಚಿದ್ದು ಬಿಚ್ಚಿದೆ ಅಂದಿದ್ದನಲ್ಲ, ಬಡ್ಡಿಮಗ,” ಎಂದ.

“ನೀವ್ಯಾರೂ ನಕ್ಷೆ ನೋಡ್ಲಿಲ್ವಾ?” ಎಂದಳು ತಂಗಿ.

“ನೋಡಿದ್ವಿ,” ಎಂದಳು ನರ್ಸಕ್ಕ. “ನಮ್ಮನಮ್ಮ ಮನೆ ನೋಡ್ಕೊಂಡ್ವಿ.”

ಅಷ್ಟರಲ್ಲಿ ಕಚೇರಿಯ ಅಧಿಕಾರಿ ಬಂದಳು. ಕೈಯಲ್ಲಿ ಅಳತೆಪಟ್ಟಿ, ಕಂಕುಳಲ್ಲಿ ಕಡತ. ಮಂಚ ಕಂಡು ನಿಂತಳು.

“ಅನುಮತಿಗೆ ಮೊದಲು ಇಲ್ಲಿ ಯಾರೂ ಇರಬಾರದು ಅಂತ ಹೇಳಿದ್ವಲ್ಲ.”

“ಸಂಜೆಗೆ ಖಾಲಿ ಮಾಡ್ತಾನೆ ಮೇಡಂ,” ಎಂದಳು ನರ್ಸಕ್ಕ.

ಅಧಿಕಾರಿ ಹೆಣ ತಂದ ಗಾಡಿಯ ಕಡೆ ನೋಡಿದಳು. “ಅದನ್ನ ತಿರುಗಿಸಿ, ನೋಡೋಣ.”

ಜನ ಸರಿದರು. ಡ್ರೈವರ್ ಕಣ್ಣೊರೆಸಿಕೊಂಡು ಹತ್ತಿದ. ಆ ಉದ್ದನೆಯ ಗಾಡಿ ಒಂದೇ ಏಟಿಗೆ ತಿರುಗಿತು. ಚಕ್ರಕ್ಕೆ ಎಲ್ಲೂ ಸುಣ್ಣ ಹತ್ತಲಿಲ್ಲ. ಅವಳು ಪಟ್ಟಿ ಹಿಡಿದೂ ಅಳೆದಳು.

“ಸಾಕು. ಅನುಮತಿ ಕೊಡಬಹುದು ಅಂತ ಬರೀತೀನಿ.”

ಆಮೇಲೆ ಕಡತ ಮುಚ್ಚಿ, ಗೆರೆ ದಾಟದೆ, ದರ್ಜಿಯ ಮನೆಯನ್ನು ಸುತ್ತಿ ಬಾಗಿಲಿನಿಂದ ಒಳಗೆ ಬಂದು, ಅವನ ಕಾಲ ಬಳಿ ಸ್ವಲ್ಪ ಹೊತ್ತು ನಿಂತಳು.

ಹೊರಡುವ ಹೊತ್ತಿಗೆ ಮಂಚವನ್ನು ಮತ್ತೆ ಗೆರೆಯ ಮೇಲಿಂದ ಎತ್ತಲು ಹೋದರು. ತಂಗಿ ತಡೆದಳು. “ಬಂದಾಗಂತೂ ಗೋಡೆ ಹಾರಿ ಬಂದ. ಹೋಗುವಾಗ ನಡೆದ ಹಾಗೆ ಹೋಗಲಿ.” ಬಗ್ಗಿ, ದಾರಿಯ ಕಡೆಯ ಸುಣ್ಣವನ್ನು ಈ ತುದಿಯಿಂದ ಆ ತುದಿಯವರೆಗೆ ಅಂಗೈಯಿಂದ ಒರೆಸಿದಳು.

ಸಂಜೆ ಎಲ್ಲರೂ ಹೋದ ಮೇಲೆ ಏಳು ಮನೆಗಳಿಗೆ ನಾಲ್ಕು ನಾಲ್ಕು ಗೋಡೆಗಳಿದ್ದವು. ಎಂಟನೆಯದಕ್ಕೆ ಮೂರು.